ಬಾಮಿನ ವಾಸನೆ

ಮೊದಲ ಚೆಂಡು ಹಳದಿ ಬಣ್ಣದ್ದು ಎಂದು ನನ್ನ ನೆನಪು. ಆದರೆ ಚಿಂತಾಮಣಿಯ ಕಾಲೇಜು ಗೆಳತಿಯೊಬ್ಬಳು ಇತ್ತೀಚೆಗೆ ಕಳುಹಿಸಿದ ಫೋಟೊದಲ್ಲಿ ಅದು ಕೆಂಪಗಿದೆ. ಸಂಜೆಯ ಪಂದ್ಯಗಳಲ್ಲಿ ಹಳದಿ ಚೆಂಡಿನಲ್ಲೇ ಆಡಿ ಆಡಿ ಹಿಂದಿನದಕ್ಕೂ ನೆನಪಿನಲ್ಲಿ ಆ ಬಣ್ಣ ಬಳಿದುಕೊಂಡಿರಬೇಕು. ಹಾಗಾಗಿ ಇಲ್ಲಿನ ಇನ್ನು ಕೆಲವು ವಿವರಗಳೂ ತಪ್ಪಿರಬಹುದು. ಬಾಮಿನ ವಿಷಯ ಮಾತ್ರ ತಪ್ಪಬಾರದೆಂದು ಆಸೆ. ಖಚಿತಪಡಿಸಿಕೊಳ್ಳಲು ಆಗದೇ ಇರುವುದೂ ಅದೊಂದೇ.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನಾನು ಖೋ ಖೋ ಆಡುತ್ತಿದ್ದೆ. ದೈಹಿಕ ಶಿಕ್ಷಣದ ಮೇಡಂ ಒಂದು ದಿನ ಮೊಟ್ಟೆಯಾಕಾರದ ಚೆಂಡು ತಂದು, ಇದು ಆಸ್ಟ್ರೇಲಿಯಾದವರ ಫುಟ್‌ಬಾಲ್ ಎಂದರು. ಒದೆಯಬಹುದು, ನೆಗೆದು ಹಿಡಿಯಬಹುದು, ಹಿಡಿದು ಓಡಬಹುದು. ಎಸೆಯುವಂತಿಲ್ಲ, ಮುಷ್ಟಿಯಿಂದ ಗುದ್ದಿ ಜೊತೆಯವಳಿಗೆ ದಾಟಿಸಬೇಕು. ಓಡುವಾಗ ಆಗಾಗ ನೆಲಕ್ಕೆ ಪುಟಿಸಲೂಬೇಕು, ಅದು ಎತ್ತ ಹಾರುತ್ತದೋ ಯಾರಿಗೂ ತಿಳಿಯದು. ಗಕ್ಕನೆ ದಿಕ್ಕು ಬದಲಿಸಿ ಓಡುವ ಖೋ ಖೋ ಅಭ್ಯಾಸ ನನಗೆ ಅಲ್ಲಿ ಒದಗಿಬಂತು.

ಶಿಡ್ಲಘಟ್ಟದ ಬಳಿಯ ನಮ್ಮೂರಿಗೆ ಒಮ್ಮೆ ಆ ಚೆಂಡನ್ನು ಒಯ್ದೆ. ಚಿಕ್ಕಪ್ಪನ ಹೆಂಡತಿ, ನನ್ನ ಚಿಕ್ಕಮ್ಮ, ಮನೆಯ ರೇಷ್ಮೆ ಬೆಳೆಯ ಯಜಮಾನಿ. ಅವಳು ಚೆಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗೂಡಿನೊಳಗೆ ಹುಳು ಹೇಗಿದೆಯೆಂದು ನೋಡುವುದು ಹಾಗೇ.

"ಗೂಡು ಗಟ್ಟಿ ಕಟ್ಟೈತೆ. ಒಳಗೆ ಹುಳಾನೇ ಇಲ್ಲ ಕಣಮ್ಮಾ," ಅಂದಳು.

ಭಾರತ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವ ಶಿಬಿರ ಬೆಂಗಳೂರಿನಲ್ಲಿ ನಡೆದದ್ದು ನಮ್ಮ ಹುಳು ಹಣ್ಣಾಗುವ ದಿನಗಳಲ್ಲಿ. ಹಣ್ಣಾದ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆ, ಮೈ ತಿಳಿಯಾಗುತ್ತದೆ. ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೇ ಕಟ್ಟಿಕೊಂಡು ಕೆಡುತ್ತದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಮಕ್ಕಳು ಶಾಲೆ ಬಿಡುತ್ತಿದ್ದರು, ಗೌರಿಬಿದನೂರಿನಿಂದ ಅತ್ತೆ ಬರುತ್ತಿದ್ದಳು. ಶಿಬಿರಕ್ಕೆ ಹೋಗುತ್ತೇನೆಂದಾಗ ತಾತ ಪೇಪರಿನಿಂದ ತಲೆಯೆತ್ತದೆ ಆಗಲ್ಲ ಅಂದರು. ಆಗ ನೀನು ಅತ್ತುಬಿಟ್ಟೆ ಎನ್ನುತ್ತಾಳೆ ಅಮ್ಮ. ಅತ್ತದ್ದು ನನಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಹುಳುಮನೆಯ ಹೊಸ್ತಿಲಲ್ಲಿ, ಹೊರಗಿನ ಸೋಂಕು ಒಳಗೆ ಹೋಗದಿರಲೆಂದು ಹರಡಿದ್ದ ಸುಣ್ಣದ ಪುಡಿಯನ್ನು ತುಳಿದು ಒಳಗೆ ಕಾಲಿಡುವಷ್ಟರಲ್ಲಿ ಚಿಕ್ಕಮ್ಮ ನನ್ನ ರಟ್ಟೆ ಹಿಡಿದಳು. ಮೂಸಿದಳು. ಜಗಲಿಯಲ್ಲಿದ್ದ ತಾತನಿಗೆ ಕೇಳಿಸುವಂತೆ ಹೇಳಿದಳು:

"ಮಾವ, ಇವಳ ಮೈಯೆಲ್ಲಾ ಬಾಮ್ ವಾಸ್ನೆ. ಒಳಕ್ಕೆ ಬಿಟ್ರೆ ಬೆಳೆ ಹೋಗ್ತೈತೆ. ಹಣ್ಣಾದ್ ಹುಳ ಎತ್ತೋ ಗಂಟ ಇತ್ಲಾಗೆ ತಲೆ ಹಾಕ್ಬಾರ್ದು ಅಂತ ಹೇಳಿ."

ಘಾಟು ವಾಸನೆ ಹುಳುವಿಗೆ ಆಗುವುದಿಲ್ಲವೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬೆಳೆಯ ವಿಷಯದಲ್ಲಿ ಚಿಕ್ಕಮ್ಮನ ಮಾತಿಗೆ ತಾತನೂ ಎದುರಾಡುತ್ತಿರಲಿಲ್ಲ. ಕೆಲಸಕ್ಕೆ ಬಾರದವಳು ಮನೇಲಿದ್ದು ಏನು ಮಾಡ್ತಾಳೆ, ಎಲ್ಲಿಗಾದರೂ ಹೋಗಲಿ ಎಂದರು. ನಾನು ಬಸ್ಸು ಹತ್ತಿದೆ. ಎಲ್ಲರೆದುರು ಬಾಗಿಲಲ್ಲಿ ನಿಲ್ಲಿಸಿದರೆಂಬ ಅವಮಾನ ಬೆಂಗಳೂರು ಮುಟ್ಟುವವರೆಗೂ ಇತ್ತು.

ಆಮೇಲಿನದು ಬೇಗ ಹೇಳಬಹುದು. ತಂಡಕ್ಕೆ ಆಯ್ಕೆಯಾದೆ, ಮೆಲ್ಬರ್ನಿನಲ್ಲಿ ಒಂದು ಪಂದ್ಯಾವಳಿ ಆಡಿದೆ, ಎಂ.ಎ. ಓದಲು ಮತ್ತೆ ಅಲ್ಲಿಗೇ ಹೋದೆ. ಒಂದು ಬಡಾವಣೆಯ ಕ್ಲಬ್ಬಿನಲ್ಲಿ ಆಡುತ್ತಿದ್ದಾಗ ವೃತ್ತಿಪರ ಲೀಗಿನ ತಂಡವೊಂದು ಗಾಯಗೊಂಡವಳ ಬದಲಿಗೆ ನನ್ನನ್ನು ಕರೆಯಿತು. ಬದಲಿಯಾಗಿ ಹೋದವಳು ಅಲ್ಲೇ ಉಳಿದೆ. ವರ್ಷದಲ್ಲಿ ಕೆಲವು ತಿಂಗಳು ಆಟ, ಉಳಿದ ಕಾಲ ಒಂದು ಗ್ರಂಥಾಲಯದಲ್ಲಿ ಕೆಲಸ. ನಾನು ದೊಡ್ಡ ಆಟಗಾರ್ತಿಯಲ್ಲ. ನಂಬಿ ಚೆಂಡು ಕೊಡಬಹುದಾದವಳು ಎಂದು ಕೋಚ್ ಹೇಳುತ್ತಿದ್ದರು.

ಅಲ್ಲಿ ಯಾರಾದರೂ ಹೇಗೆ ಶುರುವಾಯಿತೆಂದು ಕೇಳಿದರೆ, ಮನೆಯವರು ಹೊರಗೆ ಹಾಕಿದರು, ಅದಕ್ಕೇ ಆಟಕ್ಕೆ ಬಂದೆ ಎನ್ನುತ್ತಿದ್ದೆ. ಕೇಳಿದವರಿಗೆ ಅದು ಹಿಡಿಸುತ್ತಿತ್ತು. ಒಂದು ದಿನ ಫಿಸಿಯೋ ಕೋಣೆಯಲ್ಲಿ ಯಾರೋ ಮುಲಾಮಿನ ಡಬ್ಬಿ ತೆರೆದಾಗ ಬೇರೆಯೇ ಒಂದು ಸಂಗತಿ ಹೊಳೆಯಿತು. ಬೆಳೆ ಇರುವಾಗ ನಮ್ಮ ಮನೆಯಲ್ಲಿ ಬಾಮ್ ಇರುತ್ತಿರಲಿಲ್ಲ. ಊದುಬತ್ತಿ, ಸೊಳ್ಳೆಬತ್ತಿ, ಬಾಮು ಎಲ್ಲವನ್ನೂ ಚಿಕ್ಕಮ್ಮ ಮೊದಲೇ ಒಟ್ಟುಮಾಡಿ ಪಕ್ಕದ ಮನೆಗೆ ಕೊಟ್ಟುಬಿಡುತ್ತಿದ್ದಳು. ತಾತನ ತಲೆನೋವಿಗೂ ಸಿಗುತ್ತಿರಲಿಲ್ಲ. ಹಾಗಾದರೆ ನನ್ನ ಮೈಗೆ ವಾಸನೆ ಎಲ್ಲಿಂದ ಬಂತು? ಕಾಲೇಜಿನ ಬ್ಯಾಗಿನಲ್ಲಿ ಒಂದು ಡಬ್ಬಿ ಇದ್ದಿರಲೂಬಹುದು. ಅಂದಿನಿಂದ ಚಿಕ್ಕಮ್ಮನೇ ನನ್ನನ್ನು ಕಳುಹಿಸಿಕೊಟ್ಟಳು ಎಂದು ಹೇಳತೊಡಗಿದೆ. ಅದೂ ಕೇಳಿದವರಿಗೆ ಹಿಡಿಸಿತು. ಎರಡರಲ್ಲಿ ಯಾವುದು ನಿಜವೋ ತಿಳಿಯದೆ ಎರಡನ್ನೂ ಹೇಳಿದ್ದೇನೆ.

ಕಳೆದ ಸೀಸನ್ನಿನಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಗಿ ಊರಿಗೆ ಬಂದಿದ್ದೇನೆ. ಮಂಡಿ ಪರೀಕ್ಷೆಯಲ್ಲಿ ಪಾಸಾದರೆ ಕ್ಲಬ್ಬು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಆಟ ಮುಗಿಯಿತು. ತಾತ ಈಗಿಲ್ಲ. ಹೋದ ತಿಂಗಳು ಮತ್ತೆ ಹುಳು ಹಣ್ಣಾಯಿತು. ನಾನು ಹೊಸ್ತಿಲಲ್ಲೇ ನಿಂತು, ಮಂಡಿಗೆ ಜೆಲ್ ಹಚ್ಚಿದ್ದೇನೆ, ಬರಲೋ ಬೇಡವೋ ಎಂದು ಕೇಳಿದೆ. ಚಿಕ್ಕಮ್ಮ ಬಗ್ಗಿ ಮಂಡಿಯನ್ನು ಮೂಸಿದಳು.

"ಇದೇನಮ್ಮಾ, ವಾಸ್ನೇನೇ ಇಲ್ವಲ್ಲ ಇದಕ್ಕೆ."

"ಈಗಿನವು ಹಂಗೇ ಬರ್ತವೆ."

"ತಪ್ಪಿಸ್ಕೊಳ್ಳಕ್ಕೆ ಒಂದ್ ನೆಪಾನೂ ಇಲ್ಲ ಅನ್ನು. ಬಾ, ಕೂತ್ಕೊ."

ಪ್ಲಾಸ್ಟಿಕ್ ಸ್ಟೂಲ್ ಕೊಟ್ಟಳು. ಕಾಲು ಚಾಚಿಕೊಂಡು ಹುಳು ಆರಿಸತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ, ಮತ್ತೆ ಹೋಗ್ತೀಯಾ ಎಂದು ಕೇಳಿದಳು. ಮಂಡಿ ಸರಿಹೋದ್ರೆ ಅಂದೆ. ಅವಳು ಹುಳುವೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಇಷ್ಟು ವರ್ಷ ಕೇಳದೆ ಉಳಿದಿದ್ದ ಪ್ರಶ್ನೆಯನ್ನು ನಾನು ಆ ಹೊತ್ತಿನಲ್ಲೇ ಕೇಳಿದೆ. ಆ ಬೆಳೆಯ ಗೂಡು ಮಾರುಕಟ್ಟೆಗೆ ಹೋಗಿ ಮುಗಿದಿದೆ, ಚಿಕ್ಕಮ್ಮ ಇನ್ನೂ ಉತ್ತರ ಕೊಟ್ಟಿಲ್ಲ.

"ಚಿಕ್ಕಮ್ಮಾ, ಆವತ್ತು ನಾನು ನಿಜವಾಗ್ಲೂ ಬಾಮ್ ಹಚ್ಕೊಂಡಿದ್ನಾ?"