ವಿಮಾನ ಬಿದ್ದ ಧಾರಾವಾಹಿ ಮತ್ತು ಎದುರುಮನೆ ಅಕ್ಕ

ಅಟ್ಟ ಖಾಲಿ ಮಾಡುವಾಗ ಹಳೆಯ ಸೀರೆ ಡಬ್ಬದೊಳಗೆ ಒಂದು ಡಿವಿಡಿ ಸಿಕ್ಕಿತು. ಕವರಿನ ಮೇಲೆ ಮುರಿದ ವಿಮಾನದ ಚಿತ್ರ, ಬಣ್ಣ ಅರ್ಧ ಹೋಗಿತ್ತು. ಯಾಕೋ ಮೂಸಿ ನೋಡಿದೆ. ಮಗ್ಗದ ಎಣ್ಣೆ, ಹೊಸ ನೂಲು ಬೆರೆತ ವಾಸನೆ ಇನ್ನೂ ಇತ್ತು... ಅಥವಾ ಇದೆ ಅಂತ ನನಗೆ ಅನ್ನಿಸಿತೋ ಏನೋ. ಅದು ನಮ್ಮ ಎದುರುಮನೆ ಅಕ್ಕನ ಮನೆಯ ವಾಸನೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಆಗ ಮನೆಗೆರಡು ಪವರ್‌ಲೂಮು. ಅಕ್ಕ ಮುಂದಿನ ಕೋಣೆಯಲ್ಲಿ ಕೂತು ಆ ಮಗ್ಗಗಳ ಲಾಳಿಯಲ್ಲಿಡುವ ಕಂಡಿಕೆಗಳಿಗೆ ಮೆಷಿನ್‌ನಲ್ಲಿ ನೂಲು ಸುತ್ತಿಕೊಡುತ್ತಿದ್ದರು. ಗಂಡ ಮಗ್ಗ ರಿಪೇರಿ ಮಾಡುವ ಮೆಕ್ಯಾನಿಕ್. ಸೂರತ್‌ನಲ್ಲಿ ಕೆಲಸ ಸಿಕ್ಕಿದೆ, ಎರಡು ತಿಂಗಳಲ್ಲಿ ಬರುತ್ತೇನೆ ಎಂದು ಹೋದವರು ಬರಲಿಲ್ಲ. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಮೈದುನ ಅಲ್ಲಿಯವರೆಗೂ ಹೋಗಿ ಹುಡುಕಿ ಬರಿಗೈಯಲ್ಲಿ ವಾಪಸ್ಸು ಬಂದ. ನಾನು ಹೇಳುತ್ತಿರುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ಅಕ್ಕನ ಕೊರಳಲ್ಲಿ ತಾಳಿ ಹಾಗೇ ಇತ್ತು.

ದೇವನಹಳ್ಳಿಯ ಕಡೆ ವಿಮಾನ ನಿಲ್ದಾಣ ಶುರುವಾದ ಹೊಸದು. ನನಗೆ ಅಲ್ಲಿ, ಸಾಮಾನು ಬಾರದೆ ನಿಂತ ಪ್ರಯಾಣಿಕರ ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಕೆಲಸ. "ಬರುತ್ತೆ ಸಾರ್, ನಾಳೆ ಬಂದೇ ಬರುತ್ತೆ" ಅಂತ ದಿನವಿಡೀ ಹೇಳಬೇಕು. ಬರುತ್ತದೋ ಇಲ್ಲವೋ ನನಗೆ ಗೊತ್ತಿರುತ್ತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮನೆ ಸೇರುವಾಗ ಕಾಲು ಮರಗಟ್ಟಿರುತ್ತಿತ್ತು.

ಜೊತೆಗೆ ಕೆಲಸ ಮಾಡುತ್ತಿದ್ದವಳೊಬ್ಬಳು ಇಂಗ್ಲಿಷ್ ಧಾರಾವಾಹಿಯೊಂದರ ಮೊದಲ ಸೀಸನ್ನಿನ ಡಿವಿಡಿಗಳನ್ನು ಕೊಟ್ಟಳು. ನಮ್ಮ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಅಕ್ಕನ ಮನೆಯಲ್ಲಿ ಗಂಡ ತಂದಿಟ್ಟು ಹೋಗಿದ್ದ ಪ್ಲೇಯರ್ ಇತ್ತು. ಹಾಗಾಗಿ ಸಂಜೆ ನಾಲ್ಕರ ಮೇಲೆ, ಕರೆಂಟು ಇದ್ದ ದಿನ, ಅಲ್ಲಿ ಹೋಗಿ ಕೂರತೊಡಗಿದೆ. ಅಕ್ಕನಿಗೆ ಇಂಗ್ಲಿಷ್ ಬಾರದು. ಯಾರು ಏನಂದರು ಅಂತ ನಾನು ಹೇಳಬೇಕು.

ಹೆಸರಿಲ್ಲದ ಒಂದು ಕಣಿವೆಯಲ್ಲಿ ವಿಮಾನ ಬೀಳುತ್ತದೆ, ಹದಿನಾಲ್ಕು ಜನ ಉಳಿಯುತ್ತಾರೆ. ಎದುರಿನ ಬೆಟ್ಟದಲ್ಲಿ ಯಾರೋ ದಿನವೂ ದೀಪ ಹಚ್ಚುತ್ತಾರೆ, ಹತ್ತಿ ನೋಡಿದರೆ ಯಾರೂ ಇರುವುದಿಲ್ಲ. ನನಗೆ ಆ ರಹಸ್ಯದ್ದೇ ಯೋಚನೆ. ಅಕ್ಕನಿಗೆ ಅದು ಬೇಕಿರಲಿಲ್ಲ. ಧಾರಾವಾಹಿಯಲ್ಲಿ ನಡುನಡುವೆ, ಕಾಣೆಯಾದವರಿಗಾಗಿ ಊರಲ್ಲಿ ಕಾಯುವ ಮನೆಯವರನ್ನು ತೋರಿಸುತ್ತಿದ್ದರು, ಅವರಲ್ಲಿ ಪೈಲಟ್‌ನ ಹೆಂಡತಿಯೂ ಒಬ್ಬಳು. ಅವಳು ಬಂದ ಕೂಡಲೇ ಅಕ್ಕ ಕಂಡಿಕೆ ಮೆಷಿನ್ ಆಫ್ ಮಾಡಿಬಿಡುತ್ತಿದ್ದರು. ನಾನು ನಿದ್ದೆಗಣ್ಣಲ್ಲಿ ಅರ್ಧಂಬರ್ಧ ಹೇಳಿದರೆ ಗೊತ್ತಾಗಿಬಿಡುತ್ತಿತ್ತು.

"ಅವಳು ಅಷ್ಟೊತ್ತು ಮಾತಾಡಿದ್ಳು, ನೀನು ಎರಡೇ ಮಾತು ಹೇಳಿದ್ಯಲ್ಲಮ್ಮ?"

ಆ ದಿನಗಳಲ್ಲೇ ಮೈದುನನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹೆಣ್ಣಿನ ಕಡೆಯವರು, ದೊಡ್ಡ ಮಗ ಇದ್ದಾನೋ ಇಲ್ಲವೋ ಅಂತ ಒಂದು ತೀರ್ಮಾನವಾಗಲಿ ಅಂದರಂತೆ. ಪುರೋಹಿತರು ದರ್ಭೆಯಲ್ಲಿ ರೂಪ ಮಾಡಿ ಕರ್ಮ ಮುಗಿಸಬಹುದು ಎಂದು ಹೇಳಿದ್ದರು. ಪಿತೃಪಕ್ಷದೊಳಗೆ ಮಾಡಿ ಮುಗಿಸೋಣ ಅಂತ ಅತ್ತೆ ಪಟ್ಟು ಹಿಡಿದಿದ್ದರು. ಅಕ್ಕ ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಕೊನೆಯ ಕಂತು ನೋಡಿದ ದಿನ ನಾನು ಎರಡು ಶಿಫ್ಟು ಒಟ್ಟಿಗೆ ಮುಗಿಸಿ ಬಂದಿದ್ದೆ. ಕಣಿವೆಯಿಂದ ಯಾರೂ ಪಾರಾಗಲಿಲ್ಲ. ಇತ್ತ ಪೈಲಟ್‌ನ ಹೆಂಡತಿ ಗಂಡನ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ತುಂಬುತ್ತಾ ಅವನ ತಾಯಿಗೆ ಏನೋ ಹೇಳುತ್ತಾಳೆ. ಅವನು ಬರುವುದಿಲ್ಲ, ಇನ್ನು ನಾನು ಬಾಗಿಲು ನೋಡುತ್ತಾ ಕೂರುವುದಿಲ್ಲ ಅಂತ. ಅಲ್ಲಿಗೆ ಸೀಸನ್ ಮುಗಿಯಿತು.

ಅಕ್ಕ ನನ್ನ ಮುಖ ನೋಡುತ್ತಾ, "ಏನಂದ್ಳು?" ಎಂದು ಕೇಳಿದರು.

ನನಗೆ ಹೇಗಾದರೂ ಎದ್ದು ಹೋಗಿ ಮಲಗಬೇಕಿತ್ತು. ಕೌಂಟರಿನಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದ ಮಾತೇ ಬಂತು. "ಬಂದೇ ಬರ್ತಾರಂತೆ ಅಕ್ಕ. ಅಲ್ಲೀವರೆಗೂ ಬಟ್ಟೆ ಎತ್ತಿಡ್ತಾಳಂತೆ" ಅಂದುಬಿಟ್ಟೆ.

ಅಕ್ಕ ಎದ್ದು ಟಿವಿ ಆರಿಸಿದರು. ಮರುದಿನ ಅತ್ತೆಗೆ, ಕರ್ಮ ಮಾಡಲು ಬಿಡುವುದಿಲ್ಲ ಎಂದರು. ಮೈದುನನ ಸಂಬಂಧ ತಪ್ಪಿಹೋಯಿತು. ಒಂದೇ ಮನೆಯಲ್ಲಿ ಎರಡು ಒಲೆಯಾದವು. ಅತ್ತೆ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದರು. ನಾನು ನಮ್ಮ ಕಿಟಕಿ ಮುಚ್ಚಿಕೊಂಡು ಒಳಗಿರುತ್ತಿದ್ದೆ. ಆಮೇಲೆ ಓಡಾಟ ಕಷ್ಟ ಎಂದು ನೆಪ ಹೇಳಿ ದೇವನಹಳ್ಳಿಯಲ್ಲೇ ರೂಮು ಮಾಡಿದೆ. ಹೋಗುವಾಗ ಹೇಳಿ ಹೋಗಲೂ ಇಲ್ಲ...

ಎಷ್ಟೋ ವರ್ಷಗಳಾದ ಮೇಲೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಅತ್ತೆ ಹೋದಮೇಲೆ ತವರೂರಿಗೆ, ನಮ್ಮ ತಾಲ್ಲೂಕಿನದೇ ಹಳ್ಳಿ ಮಧುರೆಗೆ ಹೋಗಿ ಅಣ್ಣನ ಮನೆಯಲ್ಲಿದ್ದರು. ಕೊರಳು ಬರಿದಾಗಿತ್ತು. ಕಲ್ಲು ಬೆಂಚಿನ ಮೇಲೆ ಕೂತು, ಅವತ್ತು ನಾನು ಸುಳ್ಳು ಹೇಳಿದ್ದೆ ಎಂದು ತಡವರಿಸುತ್ತಾ ಹೇಳಿದೆ.

"ಗೊತ್ತಿತ್ತು ಕಣಮ್ಮ," ಅಂದರು. "ಬರ್ತಾನೆ ಅನ್ನೋಳ ಮುಖಾನಾ ಅದು? ನಂಗೆ ಮಾತು ಬರಲ್ಲ, ಮುಖ ಗೊತ್ತಾಗಲ್ವಾ?"

ಹಾಗಾದರೆ ಕರ್ಮ ಮಾಡಿಸಲು ಯಾಕೆ ಒಪ್ಪಲಿಲ್ಲ ಎಂದು ಕೇಳಿದೆ.

"ಮೈದುನನ ಮದುವೆಗೋಸ್ಕರ ನನ್ನ ಗಂಡ ಸಾಯ್ಬೇಕಾಗಿತ್ತಾ? ನಂಗೆ ಇನ್ನೊಂದು ವರ್ಷ ಬೇಕಾಗಿತ್ತು. ಆಮೇಲೆ ನಾನೇ ಹೋಗಿ ಅತ್ತೆ ಹತ್ರ ಹೇಳ್ದೆ, ಮಾಡಿಸಿ ಅಂತ. ಇಬ್ರೂ ಒಟ್ಟಿಗೆ ಕೂತು ಅತ್ವಿ."

ಅಷ್ಟರಲ್ಲಿ ಅವರ ಬಸ್ಸು ಬಂತು. ಹತ್ತುತ್ತಾ, ಆ ಧಾರಾವಾಹಿ ಮುಂದುವರಿದಿದ್ದರೆ ನೋಡಿಕೊಂಡು ಒಂದು ದಿನ ಊರಿಗೆ ಬಾ, ಅವಳದು ಏನಾಯಿತು ಅಂತ ಹೇಳು ಎಂದರು. ಈ ಸಲ ಸರಿಯಾಗಿ ಹೇಳು ಎಂದು ನಕ್ಕರು. ಖಂಡಿತ ಬರುತ್ತೇನೆ ಎಂದೆ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಮುಂದಿನ ಸೀಸನ್ ಯಾವಾಗಲೋ ಬಂದು ಹೋಗಿದೆಯಂತೆ, ನಾನು ನೋಡಲಿಲ್ಲ. ಡ್ಯೂಟಿ, ಮನೆ, ಮಕ್ಕಳು, ಮತ್ತೆ ಡ್ಯೂಟಿ. ಸುಸ್ತಾಗಿದೆ ಅಂತ ಎಲ್ಲವನ್ನೂ ಮುಂದಕ್ಕೆ ಹಾಕುತ್ತಾ ಬಂದೆ. ದೊಡ್ಡಬಳ್ಳಾಪುರದಿಂದ ಮಧುರೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.