ಸೋದರತ್ತೆ ಹೇಳಿದ ಕಪ್ಪೆಯ ವಯಸ್ಸು

ಕಣಿ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಕಂಡವನು ನಾನೇ. ಹಲಗೂರಿನಿಂದ ಮಳವಳ್ಳಿಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಓದಿದವನು. ಕಣ್ಣಿಗೆ ಕಂಡದ್ದಷ್ಟೇ ನಿಜ ಎಂಬ ಜಂಬ ಚೆನ್ನಾಗಿಯೇ ಇತ್ತು. ಆದರೂ ಇದೊಂದನ್ನು ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ. ನಮ್ಮ ಕಡೆ ಗದ್ದೆಯ ದೊಡ್ಡ ಕಪ್ಪೆಗಳನ್ನು ಮೂಟೆಗಟ್ಟಲೆ ಹಿಡಿದು, ಕಾಲುಗಳನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ಕಪ್ಪೆ ಕಮ್ಮಿಯಾಗುತ್ತಿತ್ತು. ಉಳಿದವು ಎಷ್ಟು ವರ್ಷದವು ಎಂದು ತಿಳಿಯುವುದೇ ಎಂ.ಎಸ್ಸಿ.ಯಲ್ಲಿ ನನ್ನ ಕೆಲಸ. ಕಾಲ್ಬೆರಳಿನ ತುದಿಯ ಮೂಳೆಯನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಬುಡದಲ್ಲಿರುವಂಥ ಉಂಗುರಗಳು. ಬೇಸಿಗೆಯಲ್ಲಿ ಬೆಳವಣಿಗೆ ನಿಂತಾಗ ಒಂದು ಗೆರೆ, ವರ್ಷಕ್ಕೊಂದು. "ನಾನೂ ಬೇರೆ ಎಣಿಸ್ತೀನಿ, ಒಂದು ತಪ್ಪಿದ್ರೂ ವರದಿಗೆ ಸಹಿ ಹಾಕಲ್ಲ" ಅಂದಿದ್ದರು ಮೇಷ್ಟರು.

ಮದ್ದೂರಿನ ಹತ್ತಿರ ಸೋದರತ್ತೆಯ ಗದ್ದೆಯಲ್ಲಿ ಒಂದು ಬೆಳಿಗ್ಗೆ ಒಂಬತ್ತು ಕಪ್ಪೆ ಹಿಡಿದೆ. ಅತ್ತೆ ನಕ್ಕಳು.

"ಕಪ್ಪೆ ಬೆಳ್ಳು ಕುಯ್ಯಕ್ಕೆ ಮೈಸೂರ್ಗಂಟ ಓಗಿ ಓದ್ದೇನ್ಲಾ?"

"ವಯಸ್ಸು ತಿಳ್ಕೊಳಕ್ಕೆ ಕಣತ್ತೆ."

"ಅದ್ಕ್ಯಾಕೆ ಕುಯ್ಬೇಕು? ಕೊಡಿಲ್ಲಿ."

ಒಂದೊಂದನ್ನೇ ಅಂಗೈಗೆ ತಗೊಂಡು, "ಇದ್ಕೆ ಮೂರು. ಇದ್ಕೆ ಐದು. ಇದು ಮುದ್ಕಿ, ಏಳು" ಅನ್ನುತ್ತಾ ಹೋದಳು. ತಮಾಷೆಗೆ ಬರೆದುಕೊಂಡೆ. ಬೆರಳ ತುದಿ ತೆಗೆದುಕೊಂಡು ಎಲ್ಲವನ್ನೂ ನೀರಿಗೆ ಬಿಟ್ಟೆ.

ಮೈಸೂರಲ್ಲಿ ಎಣಿಸಿದರೆ ಎಂಟು ಕಪ್ಪೆಗಳದು ಅತ್ತೆ ಹೇಳಿದಷ್ಟೇ! ಮುದುಕಿಯದು ಮಾತ್ರ ಆರು. ಸದ್ಯ, ಓದಿದವನು ಗೆದ್ದೆ ಎಂದು ಹಿಗ್ಗಿದೆ. ಮನಸ್ಸು ತಡೆಯದೆ ಎಳೆಯ ಕಪ್ಪೆಯೊಂದರ ಮೂಳೆಯ ಜೊತೆ ಇಟ್ಟು ಅಳೆದೆ. ಮುದುಕಿಯ ಮೂಳೆ ದಪ್ಪವಾಗುತ್ತಾ ಒಳಗಿನ ಪೊಳ್ಳು ಅಗಲವಾಗಿ, ಮೊದಲ ಉಂಗುರವನ್ನೇ ತಿಂದುಹಾಕಿತ್ತು. ಏಳು ಎಂದು ತಿದ್ದಿದೆ.

ಮೇಷ್ಟರ ಎಣಿಕೆಯೂ ಏಳು. "ಎಲ್ಲಾ ಇಲ್ಲೇ ಎಡವೋದು, ನೀನು ಹೆಂಗಯ್ಯಾ ಹಿಡಿದೆ?" ಎನ್ನುತ್ತಾ ಸಹಿ ಹಾಕಿದರು.

ಕಾಲು ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡು ಅತ್ತೆಯ ಹತ್ತಿರ ಓಡಿದೆ. "ಹೆಂಗೆ ಗೊತ್ತಾಯ್ತತ್ತೆ?"

"ಹಿಡ್ಕೊಂಡ್ರೆ ಗೊತ್ತಾಯ್ತದೆ ಕಣ್ಲಾ. ನಿಂಗಾಗಕ್ಕಿಲ್ವಾ?"

ಗಾತ್ರ ನೋಡಿ ಹೇಳಿದಳು ಎನ್ನೋಣವೆಂದರೆ, ಐದು ವರ್ಷದ್ದು ಮೂರು ವರ್ಷದ್ದಕ್ಕಿಂತ ಚಿಕ್ಕದಿತ್ತು. ಇಷ್ಟು ವರ್ಷ ಪಾಠ ಹೇಳಿದರೂ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಅವತ್ತೇ ಬದುವಿನಲ್ಲಿ ಒಂದು ಕಪ್ಪೆ ಹಿಡಿದು, ಕಣ್ಣು ಮುಚ್ಚಿ ತುಂಬಾ ಹೊತ್ತು ನಿಂತಿದ್ದೆ. ತಣ್ಣಗಿತ್ತು, ಅಷ್ಟೇ. ಹಿಂದಿನಿಂದ ಅತ್ತೆ ಕೂಗಿದಳು:

"ಬುಡ್ಲಾ ಪಾಪ, ಅದ್ಕೆ ಕಚಗುಳಿ ಆಯ್ತದೆ!"