ಮೆಣಸಿನ ಗೋದಾಮಿನ ಕೆಮ್ಮು

ಮೆಣಸಿನ ಗೋದಾಮಿನಲ್ಲಿ ಎಲ್ಲರೂ ಅವಳನ್ನು ಜರಡಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವಳದು ಒಂದೇ ಕೆಲಸ: ಕಾಳುಮೆಣಸನ್ನು ಜರಡಿ ಹಿಡಿದು ಕಡ್ಡಿ, ಧೂಳು, ಜೊಳ್ಳು ಬೇರೆ ಮಾಡುವುದು. ಅನುಮಾನ ಬಂದರೆ ಒಂದು ಹಿಡಿ ಕಾಳನ್ನು ನೀರಿಗೆ ಹಾಕುವಳು. ಗಟ್ಟಿಕಾಳು ತಳ ಸೇರುತ್ತಿತ್ತು, ಜೊಳ್ಳು ತೇಲುತ್ತಿತ್ತು. ಅವಳ ಗಂಡ ಹಿಂಬದಿಯ ಕೋಣೆಯಲ್ಲಿ ಮೆಣಸು ಪುಡಿಮಾಡುವ ಯಂತ್ರ ನಡೆಸುತ್ತಿದ್ದ.

ಅಲ್ಲಿ ಕೆಮ್ಮನ್ನು ಯಾರೂ ಕಾಯಿಲೆಯೆಂದು ಎಣಿಸುತ್ತಿರಲಿಲ್ಲ. ಬಾಗಿಲು ದಾಟಿದೊಡನೆ ಮೂಗು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. "ಅವನು ನೋಡ್ರೀ, ಕೆಮ್ಮದೇ ಕೂತಿದ್ದಾನೆ. ಪಾಪ, ಹುಷಾರಿಲ್ವೇನೋ!" ಎಂಬುದು ಮೂಟೆ ತೂಗುವವನ ಮಾಮೂಲಿ ತಮಾಷೆ.

ಹಾಗಾಗಿ ಗಂಡ ಕೆಮ್ಮತೊಡಗಿದಾಗ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಮೆಣಸು ಕುಟ್ಟಿ, ಕುದಿಸಿ, ಜೇನು ಬೆರೆಸಿ ಕೊಟ್ಟಳು. ಮೆಣಸೇ ಮದ್ದೆಂಬ ನಂಬಿಕೆ ಮಾವನಿಂದ ಬಂದದ್ದು. ಅದೇ ಗೋದಾಮಿನಲ್ಲಿ ಮೂಟೆ ಹೊತ್ತ ಜೀವ ಅದು. "ಈ ಕಾಳಿಗಾಗಿ ಹಡಗುಗಳು ಸಮುದ್ರ ದಾಟಿ ಬಂದವು ಕಣಮ್ಮ. ಒಂದು ಕಾಲದಲ್ಲಿ ಕೆಲವು ಕಡೆ ಇದನ್ನೇ ಕೊಟ್ಟು ಬಾಡಿಗೆ ತೀರಿಸ್ತಿದ್ರಂತೆ. ಸುಮ್ನೇನಾ? ಕಫ ಕರಗಿಸುತ್ತೆ, ಹಸಿವು ಹುಟ್ಟಿಸುತ್ತೆ" ಎನ್ನುತ್ತಿದ್ದರು. ಅವಳ ಇಬ್ಬರು ಮಕ್ಕಳ ನೆಗಡಿಗೂ ಅದೇ ಮದ್ದಾಗಿತ್ತು.

ಎರಡು ತಿಂಗಳು ಕಳೆಯಿತು. ಗಂಡನ ಅಂಗಿ ಹೆಗಲಲ್ಲಿ ಜೋಲತೊಡಗಿತು.

"ರೀ, ತುಂಬ ಸೊರಗಿದೀರಿ."

"ನಿನ್ನ ಕಷಾಯ ಕುಡಿದೂ ಕುಡಿದೂ ಹೊಟ್ಟೇಲಿ ಊಟಕ್ಕೆ ಜಾಗ ಎಲ್ಲಿದೆಯೇ?" ಎಂದು ಅವನು ನಕ್ಕ. ನಗು ಕೆಮ್ಮಾಗಿ ಮುಗಿಯಿತು. ಮರುದಿನದಿಂದ ಅವಳು ಮೆಣಸನ್ನು ಎರಡರಷ್ಟು ಹಾಕಿದಳು.

ಆ ಹೊತ್ತಿಗೆ ಛಾವಣಿಯ ತಗಡು ಬದಲಿಸಲೆಂದು ಗೋದಾಮನ್ನು ಹತ್ತು ದಿನ ಮುಚ್ಚಿದರು. ಎಂಟನೆಯ ದಿನ ತೂಕದವನು ಮನೆಗೆ ಬಂದ. ಒಂದು ಗಂಟೆ ಹರಟಿದರೂ ಒಮ್ಮೆಯೂ ಕೆಮ್ಮಲಿಲ್ಲ.

"ಧೂಳಿಲ್ಲ ನೋಡಕ್ಕ, ಗಂಟಲು ಹೊಸದಾದ ಹಾಗಿದೆ."

ಜರಡಿಯಕ್ಕ ತನ್ನ ಗಂಟಲು ಮುಟ್ಟಿಕೊಂಡಳು. ಅವಳ ಕೆಮ್ಮೂ ನಿಂತಿತ್ತು. ಒಳಕೋಣೆಯಲ್ಲಿ ಗಂಡನೊಬ್ಬನೇ ಬಿಡದೆ ಕೆಮ್ಮುತ್ತಿದ್ದ. ರಾಶಿಯಲ್ಲಿ ಒಂದು ಜೊಳ್ಳನ್ನೂ ಬಿಡದವಳು, ಅಷ್ಟು ಜನರ ಕೆಮ್ಮಿನಲ್ಲಿ ಈ ಕೆಮ್ಮನ್ನು ಬೇರೆ ಮಾಡಿ ಕೇಳಿರಲಿಲ್ಲ.

ಮರುದಿನವೇ ಆಸ್ಪತ್ರೆಗೆ ಹೋದರು. ಕಫ ಪರೀಕ್ಷೆ, ಎಕ್ಸ್‌ರೇ ಆದವು. ಕ್ಷಯ ಎಂದರು ಡಾಕ್ಟರು. "ವಾಸಿಯಾಗೋ ಕಾಯಿಲೆಯೇ. ಆರು ತಿಂಗಳು ಮಾತ್ರೆ ತಪ್ಪಿಸಬಾರದು. ಆದ್ರೆ ಮುಂಚೆಯೇ ಬಂದಿದ್ರೆ ಇಷ್ಟು ಹಬ್ಬುತ್ತಿರಲಿಲ್ಲ."

"ಮೆಣಸಿನ ಕಷಾಯ ಕೊಡ್ತಾನೇ ಇದ್ದೆ ಡಾಕ್ಟ್ರೇ..."

"ಗಂಟಲಿಗೆ ಹಿತ ತಾಯಿ. ಈ ರೋಗಕ್ಕೆ ಅದು ಔಷಧಿ ಅಲ್ಲ. ಮನೆಯವರು, ಜೊತೆಗೆ ಕೆಲಸ ಮಾಡೋರು, ಎಲ್ಲರೂ ಪರೀಕ್ಷೆ ಮಾಡಿಸ್ಕೊಳ್ಳಿ."

ದಾರಿಯಲ್ಲಿ ಗಂಡ ಕೇಳಿದ: "ಹಾಗಾದ್ರೆ ನಮ್ಮಪ್ಪ ಹೇಳಿದ್ದೆಲ್ಲ ಸುಳ್ಳಾ?"

"ಸುಳ್ಳಲ್ಲ. ಅವರು ಕಫಕ್ಕೆ ಅಂದ್ರು. ನಾನು ಎಲ್ಲಕ್ಕೂ ಅಂದ್ಕೊಂಡೆ."

ಗೋದಾಮು ತೆರೆದ ದಿನ ಅವಳು ಒಬ್ಬಳೇ ಕೆಲಸಕ್ಕೆ ಹೋದಳು. ಡಾಕ್ಟರು ಹೇಳಿದ್ದನ್ನು ತೂಕದವನಿಗೆ ತಿಳಿಸಿ, ಜರಡಿಯ ಮುಂದೆ ಕುಳಿತಳು. ಪಕ್ಕದಲ್ಲಿ ಮೂಟೆ ಹೊಲಿಯುತ್ತಿದ್ದ ಹುಡುಗಿ ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮಿದಳು. ತೂಕದವನು ಈ ಸಲ ತಮಾಷೆ ಮಾಡಲಿಲ್ಲ. ಜರಡಿಯಕ್ಕ ಕೈಯಲ್ಲಿದ್ದುದನ್ನು ಕೆಳಗಿಟ್ಟಳು.

"ಇಲ್ಲಿ ನೋಡು ಮಗಳೇ. ಗೋದಾಮು ಮುಚ್ಚಿದ್ದ ಹತ್ತು ದಿನಾನೂ ಇತ್ತಾ ಈ ಕೆಮ್ಮು?"

ಹುಡುಗಿ ಸೂಜಿಯನ್ನು ಗೋಣಿಗೆ ಚುಚ್ಚಿಟ್ಟು, ಹೌದೆಂದು ತಲೆಯಾಡಿಸಿದಳು.